ಐದು ಬಾಗಿಲಿನ ಒಲೆ

ನಿಮ್ಮ ಅಂಗೈ ಬಿಚ್ಚಿ ನೋಡಿಕೊಳ್ಳಿ. ಆ ಊರು ಹಾಗೇ ಇತ್ತು. ಐದು ಬೆರಳಿನಂತೆ ಐದು ಓಣಿ. ಬೆರಳಿನ ತುದಿಯಿಂದ ಬೆರಳಿನ ತುದಿಗೆ ಹೇಗೆ ದಾರಿಯಿಲ್ಲವೋ ಹಾಗೆ ಓಣಿಯಿಂದ ಓಣಿಗೂ ದಾರಿಯಿರಲಿಲ್ಲ. ನಡುವೆ ಆಳೆತ್ತರದ ಮೇಲೆ ಆಳೆತ್ತರದ ಗೋಡೆ, ಗೋಡೆ ಮುಗಿದಲ್ಲಿ ತಳ ಕಾಣದ ಕಂದಕ. ಐದೂ ಓಣಿ ಬಂದು ಸೇರುವುದು ಅಂಗೈಯಲ್ಲಿ ಮಾತ್ರ. ಆ ಅಂಗೈಯ ಮೇಲೆ ಒಂದು ಮನೆ.

ಗಂಧ ತೇಯುವವರದು ಗಂಧದೋಣಿ. ನೂಲು ತೆಗೆಯುವವರದು ನೂಲೋಣಿ. ಗಾಣ ತಿರುಗಿಸುವವರದು ಎಣ್ಣೆಯೋಣಿ. ಬುಟ್ಟಿ ಹೆಣೆಯುವವರದು ಬಿದಿರೋಣಿ. ಕೆಮ್ಮಣ್ಣು ತುಳಿದು ಮಡಕೆ ಮಾಡುವವರದು ಮಣ್ಣೋಣಿ.

ಆ ಊರಿನ ಗಾಳಿಗೆ ಏನು ಶಾಪವಿತ್ತೋ ಕಾಣೆ, ಯಾರ ಮನೆಯಲ್ಲೂ ಬೆಂಕಿ ಹೊಸದಾಗಿ ಹುಟ್ಟುತ್ತಿರಲಿಲ್ಲ. ಕಲ್ಲಿಗೆ ಕಲ್ಲು ಉಜ್ಜಿದರೆ ಕಲ್ಲು ಸವೆಯುತ್ತಿತ್ತು, ಕಿಡಿ ಏಳುತ್ತಿರಲಿಲ್ಲ. ಕೆಂಡದಿಂದಲೇ ಕೆಂಡ. ಅದೂ ಎಡೆಬಿಡದೆ ಊದುತ್ತಾ ಕೂತರೆ ಉಂಟು, ಬಿಟ್ಟರೆ ಸಂಜೆಯೊಳಗೆ ಬೂದಿ. ಅದಕ್ಕೇ ದಿನಾ, ಓಣಿಗೊಂದು ಬೇರೆ ಹೊತ್ತಿನಲ್ಲಿ, ಮನೆಗೊಬ್ಬರು ಮಡಕೆ ಹಿಡಿದು ಆ ಮನೆಗೆ ಹೋಗಿ ಕೆಂಡ ತರಬೇಕು.

ಮನೆಗೆ ಐದು ಬಾಗಿಲು, ಓಣಿಗೊಂದು. ಗಂಧದೋಣಿಯ ಬಾಗಿಲಿಗೆ ಹಿತ್ತಾಳೆಯ ಗುಬ್ಬಿ ಮೊಳೆ, ಮೇಲೆ ಕೆತ್ತಿದ ಹಲಗೆ, ಹಲಗೆಯ ಮೇಲೆ ‘ಗಂಧದೋಣಿಯ ಅಗ್ನಿಮಂದಿರ’ ಎಂಬ ಹೆಸರು. ಮಣ್ಣೋಣಿಯ ಬಾಗಿಲಿಗೆ ಗೆದ್ದಲು ತಿಂದ ಚೌಕಟ್ಟು, ಇದ್ದಿಲಿನಲ್ಲಿ ಗೀಚಿದ ‘ಮಣ್ಣೋರ ಒಲೆ’. ಉಳಿದ ಮೂರಕ್ಕೂ ಅವರವರ ಅಳತೆಗೆ ತಕ್ಕ ಹೆಸರು, ತಕ್ಕ ಬಣ್ಣ. ಒಂದೊಂದು ಓಣಿಯವರೂ ಆ ಮನೆ ತಮ್ಮದೊಬ್ಬರದೇ ಅಂದುಕೊಂಡಿದ್ದರು. ಬೇರೆ ಓಣಿಯವರಿಗೆ ಬೇರೆ ಒಲೆ ಎಲ್ಲೋ ಇರುತ್ತದೆ, ನಮಗೇನು ಎಂದು ಬಿಟ್ಟಿದ್ದರು. ಗಂಧದೋಣಿಯವರಂತೂ, “ನಮ್ಮ ಕೆಂಡದ ಬಣ್ಣವೇ ಬೇರೆ, ನೋಡಿದರೆ ಗೊತ್ತಾಗುತ್ತದೆ” ಅನ್ನುವರು.

ಒಳಗಿದ್ದದ್ದು ಒಂದೇ ಒಲೆ. ಒಬ್ಬಳೇ ಹೆಂಗಸು.

ಅವಳು ಗಂಧದ ಬಾಗಿಲಿಗೆ ಬಂದಾಗ ರೇಷ್ಮೆಯ ಸೆರಗು ಹೊದೆಯುತ್ತಿದ್ದಳು, ಅಲ್ಲಿ ಅವಳ ಹೆಸರು ಹೈಮವತಮ್ಮನವರು. ಮಣ್ಣಿನ ಬಾಗಿಲಿಗೆ ಬಂದಾಗ ಹರಕು ಸೆರಗು, ಹೆಸರು ಕೆಂಚವ್ವ. ನೂಲೋಣಿಗೆ ದ್ಯಾವಮ್ಮ, ಎಣ್ಣೆಯೋಣಿಗೆ ನಿಂಗವ್ವ, ಬಿದಿರೋಣಿಗೆ ಸಣ್ಣಕ್ಕ. ಅವಳ ಸ್ವಂತ ಹೆಸರು ಏನಿತ್ತೋ ಅವಳಿಗೇ ನೆನಪಿರಲಿಲ್ಲ. ನಾವು ಒಲೆಯವ್ವ ಅನ್ನೋಣ.

ಆ ಒಲೆಯ ಮನೆಗೊಬ್ಬ ಯಜಮಾನ. ಅವನ ಹತ್ತಿರ ಐದು ಪೇಟವಿದ್ದವು. ಯಾವ ಬಾಗಿಲಿಗೆ ಹೋಗುತ್ತಾನೋ ಆ ಬಾಗಿಲಿನ ಪೇಟ ತಲೆಗೆ. ಮೂಗಿನ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ನರುಳೆ ಗಂಟು, ಅದೊಂದನ್ನು ಮಾತ್ರ ಬದಲಾಯಿಸಲು ಅವನಿಗೆ ಆಗುತ್ತಿರಲಿಲ್ಲ.

ಆ ಮನೆಗೆ ಎರಡು ಕಟ್ಟಳೆ.

ಮೊದಲನೆಯದು ಚಪ್ಪಲಿಯದು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಚಪ್ಪಲಿ ಯಾವ ಬಾಗಿಲಲ್ಲಿದೆಯೋ ಆ ಬಾಗಿಲು ಮಾತ್ರ ಅವರನ್ನು ಬಲ್ಲದು. ಚಪ್ಪಲಿ ಇದ್ದರೆ ಆಳು ಒಳಗಿದ್ದಾನೆ. ಚಪ್ಪಲಿ ಇಲ್ಲದಿದ್ದರೆ ಆಳು ಬಂದೇ ಇಲ್ಲ. ಬರಿಗಾಲಲ್ಲಿ ಬಂದು ನಿಂತವರ ಮುಖವನ್ನು ಯಾವ ಬಾಗಿಲೂ ನೋಡುತ್ತಿರಲಿಲ್ಲ.

ಎರಡನೆಯದು ಬಾಯಿಯದು. ಒಂದು ಬಾಗಿಲಲ್ಲಿ ಕೇಳಿದ್ದನ್ನು ಇನ್ನೊಂದು ಬಾಗಿಲಲ್ಲಿ ಆಡಬಾರದು. ಒಲೆಯ ಪಕ್ಕದಲ್ಲಿ ಒಂದು ಹಂಡೆ ನೀರು, ಒಂದು ತಂಬಿಗೆ. ಒಂದು ಬಾಗಿಲಿಂದ ಬಂದು ಇನ್ನೊಂದಕ್ಕೆ ಹೋಗುವ ಮೊದಲು ಒಲೆಯವ್ವ ಬಾಯಿ ತುಂಬ ನೀರು ಹಾಕಿಕೊಂಡು ಮುಕ್ಕಳಿಸಿ ಉಗುಳಬೇಕು. ಆ ಬಾಗಿಲಿನ ಮಾತು ಆ ನೀರಿನ ಜೊತೆ ಹೋಯಿತು ಎಂದು ಲೆಕ್ಕ. ಬಾಗಿಲು, ಕೆಂಡ, ನೀರು, ಉಗುಳು. ಬಾಗಿಲು, ಕೆಂಡ, ನೀರು, ಉಗುಳು. ದಿನವಿಡೀ ಅದೇ. ಅವಳು ಮುದುಕಿಯಾದದ್ದು ಹಾಗೆಯೇ.

ಒಳಗೆ ಕತ್ತಲು. ಒಲೆಯಿಂದ ಐದು ಬಾಗಿಲಿಗೆ ಐದು ಓಣಿಯಂಥ ನಡೆ. ಹೋಗುವವರಿಗೆ ದಾರಿ ತಪ್ಪದಿರಲೆಂದು ನೆಲದ ಮೇಲೆ ಹೆಜ್ಜೆ ಬರೆದಿದ್ದರು, ಹಬ್ಬಕ್ಕೆ ಹೊಸ್ತಿಲಿಂದ ಒಳಕ್ಕೆ ಪುಟ್ಟ ಪಾದ ಬರೆಯುತ್ತೇವಲ್ಲ ಹಾಗೆ. ಇವು ಮಾತ್ರ ಒಳಗಿಂದ ಹೊರಕ್ಕೆ. ಗಂಧದೋಣಿಗೆ ಬಿಳಿ ಪಾದ, ಮಣ್ಣೋಣಿಗೆ ಕೆಂಪು ಪಾದ, ಎಣ್ಣೆಯೋಣಿಗೆ ಹಳದಿ, ಹೀಗೆ. ನಿಮ್ಮ ಬಣ್ಣ ಹಿಡಿದು ಹೋದರೆ ನಿಮ್ಮ ಬಾಗಿಲು, ನಿಮ್ಮ ಚಪ್ಪಲಿ, ನಿಮ್ಮ ಮನೆ. ಉಳಿದ ಬಣ್ಣ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ಮನೆಗೆ ಸುಣ್ಣ ಹೊಡೆದರು. ನೆಲವನ್ನೂ ಸಾರಿಸಿ ತೊಳೆದರು. ಹೆಜ್ಜೆಗಳೆಲ್ಲ ಅಳಿಸಿಹೋದವು. ಹೊರ ಊರಿಂದ ಬಂದಿದ್ದ ಸುಣ್ಣದವನು ಕೇಳಿದ:

“ಬುದ್ಧೀ, ಹೆಜ್ಜೆ ಮತ್ತೆ ಬರೆಯಬೇಕಲ್ಲ. ಐದು ಸಾಲೂ ಬರೆಯಲಾ?”

ಯಜಮಾನನ ತಲೆಯ ಮೇಲೆ ಅವತ್ತು ಗಂಧದೋಣಿಯ ಪೇಟವಿತ್ತು. ತಲೆಯ ಮೇಲಿದ್ದದ್ದೇ ತಲೆಯ ಒಳಗೂ ಇತ್ತು. “ಮನೆ ಒಂದು, ದಾರಿ ಐದು ಯಾಕಯ್ಯಾ? ಬಿಳಿಯದೊಂದು ಬರೆ, ಸಾಕು. ಚೆನ್ನಾಗಿ ಬರೆ” ಅಂದ.

“ಮಿಕ್ಕ ನಾಲ್ಕು ಓಣಿಯೋರು?”

“ಅವರು ಹುಟ್ಟಿದಾಗಿಂದ ಬರುವವರು. ಕಣ್ಣು ಮುಚ್ಚಿಕೊಂಡು ಹೋಗುತ್ತಾರೆ ಬಿಡು.”

ನಿಜ, ಹೋದರು. ಹಳಬರು ಗೋಡೆ ತಡವಿಕೊಂಡು, ಕಂಬ ಎಣಿಸಿಕೊಂಡು, ತಮ್ಮ ಓಣಿಯ ವಾಸನೆ ಹಿಡಿದು ಹೋದರು. ಯಾರೂ ಬಾಯಿ ತೆರೆಯಲಿಲ್ಲ. ಯಾರಾದರೂ ಒಬ್ಬರು, “ನಮ್ಮ ಹೆಜ್ಜೆ ಎಲ್ಲಿ ಹೋಯಿತಯ್ಯಾ” ಎಂದು ಅವತ್ತೇ ಕೇಳಿದ್ದರೆ! ಇದನ್ನು ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಮಣ್ಣೋಣಿಗೆ ಹೊಸದಾಗಿ ಬಂದ ಸೊಸೆಯೊಬ್ಬಳಿದ್ದಳು. ದೂರದ ಊರಿನ ಹುಡುಗಿ, ಮದುವೆಯಾಗಿ ವರ್ಷ ಕಳೆದಿತ್ತು, ಎದೆಯ ಮೇಲೆ ಮೂರು ತಿಂಗಳ ಹೆಣ್ಣುಕೂಸು. ಗಂಡ ಕೆಮ್ಮಣ್ಣು ತೋಡಲು ಓಣಿಯ ಕೊನೆಯ ಗುಂಡಿಗೆ ಇಳಿದರೆ ವಾರಗಟ್ಟಲೆ ಅಲ್ಲೇ. ಮನೆಯಲ್ಲಿ ಅತ್ತೆ. ಅತ್ತೆಯ ಬಾಯಿ ಎಂದರೆ ಓಣಿಗೆಲ್ಲ ಕೇಳುವ ಬಾಯಿ. ಸೊಸೆಗೆ ಅವಳು ಮೊದಲ ದಿನವೇ ಕಲಿಸಿದ್ದು ಒಂದೇ ಪಾಠ:

“ಹೊಸ್ತಿಲು ದಾಟಿದ ಮ್ಯಾಲೆ ತಲೆ ಎತ್ತಬ್ಯಾಡ. ನೆಲ ನೋಡ್ಕಂಡು ಹೋಗು, ನೆಲ ನೋಡ್ಕಂಡು ಬಾ.”

ಅತ್ತೆಗೆ ಸೊಂಟ ಹಿಡಿದ ಒಂದು ಬೆಳಿಗ್ಗೆ ಸೊಸೆಯೇ ಮೊದಲ ಸಲ ಕೆಂಡಕ್ಕೆ ಹೊರಟಳು. ಕೂಸಿಗೆ ಒಂದು ಬದಿ ಹಾಲು ಕುಡಿಸಿ, ಇನ್ನೊಂದು ಬದಿಯದು ಬಂದು ಕುಡಿಸುತ್ತೇನೆ ಎಂದು ಹೊರಟಳು. ಮಣ್ಣೋರ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಕೆಂಚವ್ವನ ಕೈಯಿಂದ ಕೆಂಡ ತುಂಬಿಸಿಕೊಂಡಳು. ತಲೆ ತಗ್ಗಿಸಿದಳು. ನೆಲದ ಮೇಲೆ ಬಿಳಿ ಪಾದಗಳಿದ್ದವು. ಅವನ್ನು ಹಿಡಿದು ಹೋದಳು, ಹೋದಳು, ಹೋದಳು. ಬೆಳಕು ಕಂಡಿತು. ಹೊಸ್ತಿಲು ದಾಟಿದಳು. ಕಾಲು ಚಪ್ಪಲಿ ತಡಕಿತು.

ಚಪ್ಪಲಿ ಇರಲಿಲ್ಲ. ಓಣಿ ತನ್ನದಾಗಿರಲಿಲ್ಲ.

ಹಿಂದಕ್ಕೆ ತಿರುಗಿದಳು. ಬಾಗಿಲಲ್ಲಿ ಯಜಮಾನ, ಗಂಧದೋಣಿಯ ಪೇಟದಲ್ಲಿ.

“ಎಲ್ಲಿಗಮ್ಮಾ?”

“ಒಳಗೆ, ಅಪ್ಪಾ. ದಾರಿ ತಪ್ಪಿತು. ಈಗ ತಾನೇ ಒಳಗಿಂದ ಬಂದೆ.”

“ನಿನ್ನ ಪಾದರಕ್ಷೆ ಎಲ್ಲಿ?”

“ಆ ಬಾಗಿಲಲ್ಲಿ ಬಿಟ್ಟೀನಿ.”

“ಯಾವ ಆ ಬಾಗಿಲು? ಈ ಮಂದಿರಕ್ಕೆ ಇರುವುದು ಇದೊಂದೇ ಬಾಗಿಲು. ಇಲ್ಲಿ ನಿನ್ನ ಪಾದರಕ್ಷೆ ಇಲ್ಲ. ಅಂದ ಮೇಲೆ ನೀನು ಒಳಗೆ ಬಂದಿಲ್ಲ. ಒಳಗೆ ಬಾರದವಳು ಹೊರಗೆ ಹೇಗೆ ಬಂದೀಯೆ?”

ಇದಕ್ಕೆ ಏನು ಉತ್ತರ ಹೇಳುತ್ತೀರಿ? ಅವಳು ಜಗಲಿಯ ಮೂಲೆಯಲ್ಲಿ ಕೂತುಬಿಟ್ಟಳು. ಗಂಧದೋಣಿಯವರು ಬಂದರು, ಹೋದರು. ಬರಿಗಾಲಿನವಳನ್ನು ಕಂಡು ಸೆರಗು ಎಳೆದುಕೊಂಡು ದೂರದಿಂದ ದಾಟಿದರು. ಅವಳ ರವಿಕೆ ಹಾಲಿಗೆ ನೆನೆದಿತ್ತು. ನೋಡಿದವರು ನೋಡಿದರು, ಕೇಳಿದವರಿಲ್ಲ.

ಅವಳ ಮಡಿಲಲ್ಲಿ ಕೆಂಡದ ಮಡಕೆ. ಕೆಂಡ ಆರಿದರೆ ಅತ್ತೆ ಬೈಯುತ್ತಾಳೆ ಎಂದು ಊದುತ್ತಾ ಕೂತಳು. ಓಣಿಯಲ್ಲಿ ಬಿದ್ದಿದ್ದ ಗಂಧದ ಹೊಟ್ಟನ್ನು ಕೈಯಲ್ಲಿ ಬಾಚಿ ಕೆಂಡಕ್ಕೆ ಹಾಕುವಳು, ಊದುವಳು. ಎದೆ ಕಟ್ಟಿ ನೋಯತೊಡಗಿದರೆ ಗೋಡೆಯತ್ತ ತಿರುಗಿ ಹಾಲು ಹಿಂಡುವಳು. ಹೊಸ ಸುಣ್ಣದ ಬಿಳಿ ಗೋಡೆ. ಅದರ ಮೇಲೆ ಹಾಲು ಬಿದ್ದರೆ ಕಲೆಯೂ ಕಾಣುವುದಿಲ್ಲ.

ಇತ್ತ ಮಣ್ಣೋಣಿಯಲ್ಲಿ ಕೂಸು ಚೀರಿಟ್ಟಿತು. ಅತ್ತೆ ಸೊಂಟ ಹಿಡಿದುಕೊಂಡೇ ಓಡಿ ಬಂದಳು. ಬಾಗಿಲಲ್ಲಿ ಸೊಸೆಯ ಚಪ್ಪಲಿ ಇತ್ತು.

“ಎಲ್ಲಿ ನನ್ನ ಸೊಸೆ?”

ಯಜಮಾನ ಮಣ್ಣೋಣಿಯ ಪೇಟ ಸುತ್ತಿಕೊಂಡು ಬಂದು ಚಪ್ಪಲಿ ನೋಡಿದ. “ಚಪ್ಲಿ ಇಲ್ಲೇ ಐತಲ್ಲವ್ವಾ. ಅಂದ್ರೆ ಒಳಗವ್ಳೆ.”

“ಒಳಗೆ ಎಲ್ಲವ್ಳೆ? ನಾನೇ ಹೋಗಿ ಒಲೆ ತಾವ ನೋಡ್ಕಂಡು ಬಂದೆ, ಅಲ್ಲಿಲ್ಲ.”

“ಚಪ್ಲಿ ಸುಳ್ಳು ಹೇಳ್ತದಾ? ಇವತ್ತಲ್ಲ ನಾಳೆ ಬತ್ತಾಳೆ, ಹೋಗು.”

ನೋಡಿ, ಒಂದೇ ಮೂಗು, ಒಂದೇ ನರುಳೆ. ಆ ಬಾಗಿಲಲ್ಲಿ ನಿಂತು, ಇವಳು ಬಂದೇ ಇಲ್ಲ ಅಂದ ಬಾಯಿಯೇ ಈ ಬಾಗಿಲಲ್ಲಿ ನಿಂತು, ಇವಳು ಹೋಗೇ ಇಲ್ಲ ಅಂದಿತು. ಎರಡೂ ಕಟ್ಟಳೆಯ ಪ್ರಕಾರ ಸರಿ!

ಅತ್ತೆ ಒಲೆಯವ್ವನನ್ನು ಕೇಳಿದಳು. “ಕೆಂಚವ್ವಾ, ನೀನಾದ್ರೂ ಹೇಳವ್ವಾ.”

ಒಲೆಯವ್ವ ಆಗಷ್ಟೇ ಗಂಧದ ಬಾಗಿಲಿಂದ ಬಂದಿದ್ದಳು. ಜಗಲಿಯಲ್ಲಿ ಕೂತವಳನ್ನು ಕಂಡಿದ್ದಳು. “ಅಮ್ಮಾ, ನನ್ನ ಕೂಸು” ಎಂಬ ಮಾತು ಕೇಳಿದ್ದಳು. ಆದರೆ ಬಾಯಿ ಮುಕ್ಕಳಿಸಿ ಉಗುಳಿ ಬಂದಿದ್ದಳು.

“ಕೆಂಡ ಕೊಟ್ಟೆ. ಹೋದಳು. ಅಷ್ಟೇ ಗೊತ್ತು” ಅಂದಳು.

ಅತ್ತೆ ಆ ಚಪ್ಪಲಿಗಳನ್ನು ಎತ್ತಿ ಮಡಿಲಿಗಿಟ್ಟುಕೊಂಡು, ಕೂಸನ್ನು ಕಂಕುಳಿಗೆ ಹಾಕಿಕೊಂಡು ಬಾಗಿಲ ಮುಂದೆ ಕೂತಳು. ದಿನಾ ಕೂತಳು. ಓಣಿಯ ಬಾಣಂತಿಯರು ಸರದಿಯ ಮೇಲೆ ಬಂದು ಕೂಸಿಗೆ ಹಾಲು ಕೊಟ್ಟರು. ಒಬ್ಬಳ ಎದೆ ಹಿಡಿದು ಇನ್ನೊಬ್ಬಳ ಮುಖ ಹುಡುಕುತ್ತಿತ್ತು ಆ ಕೂಸು. ಕೆಲವರು ಆಡಿಕೊಂಡರು.

“ಅತ್ತೆ ಬಾಯಿಗೆ ಹೆದರಿ ಒಳಗೇ ಉಳ್ಕಂಡವ್ಳೆ ಕಣೇ ಅವಳು. ನಾನಾಗಿದ್ರೂ ಉಳ್ಕಂತಿದ್ದೆ.”

“ಬಾಯಿ ಮುಚ್ಚೇ ರಂಡೆ!” ಎಂದು ಅತ್ತೆ ಕೂಗಿದಳು. “ಬೈದಿದ್ದು ನಾನು, ಉಣ್ಣಕ್ಕಿಕ್ಕಿದ್ದೂ ನಾನು. ಒಲೆಯ ಮನೇಲಿ ಏನೈತೆ ಅಂತ ಉಳ್ಕಂತಾಳೆ? ಬೂದಿ ತಿಂತಾಳಾ?”

ಕೂಗಿ ಆದ ಮೇಲೆ ಚಪ್ಪಲಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸುವಳು.

ಒಲೆಯವ್ವ ಗಂಧದ ಬಾಗಿಲಿಗೆ ಹೋಗುವಳು. ಸೊಸೆ ಕೈಮುಗಿಯುವಳು. ಒಲೆಯವ್ವ ಭಿಕ್ಷೆಯೆಂಬಂತೆ ಒಂದು ಹಿಡಿ ಅರಳು, ಒಂದು ಗುಟುಕು ನೀರು ಕೊಡುವಳು. ನೀರು, ಉಗುಳು. ಮಣ್ಣಿನ ಬಾಗಿಲಿಗೆ ಬರುವಳು. ಅತ್ತೆ ಕೂಗುವಳು. ನೀರು, ಉಗುಳು. ಆ ಬಾಗಿಲು, ಈ ಬಾಗಿಲು. ನಡುವೆ ನಲವತ್ತು ಹೆಜ್ಜೆ. ನಲವತ್ತೇ ಹೆಜ್ಜೆ! ಆರು ದಿನ ಹೀಗೆ ನಡೆದಳು ಆ ಪುಣ್ಯಾತಗಿತ್ತಿ.

ಏಳನೆಯ ಬೆಳಿಗ್ಗೆ ಸೊಸೆ ಕೈಮುಗಿಯಲಿಲ್ಲ. ಊದಿ ಊದಿ ತುಟಿ ಒಡೆದಿತ್ತು. ತಲೆಯೆತ್ತದೆ ಹೇಳಿದಳು:

“ಅಮ್ಮಾ, ನೆನ್ನೆವರೆಗೂ ಎರಡೂ ಬದಿ ನೆನೀತಿತ್ತು. ಇವತ್ತು ಒಂದೇ ಬದಿ. ನಾಳೆಗೆ ಅದೂ ಬತ್ತಿಹೋಗ್ತದೆ. ಆಮೇಲೆ ನಾನು ಸಿಕ್ಕಿದರೂ ಅಷ್ಟೇ, ಸಿಗದಿದ್ದರೂ ಅಷ್ಟೇ.”

ಒಲೆಯವ್ವ ಒಳಗೆ ಬಂದಳು. ತಂಬಿಗೆ ಎತ್ತಿದಳು. ಬಾಯಿ ತುಂಬ ನೀರು ಹಾಕಿಕೊಂಡಳು. ಉಗುಳಲು ಬಗ್ಗಿದಳು. ಆಗಲಿಲ್ಲ. ಬಾಯಲ್ಲಿ ನೀರು ಹಿಡಿದುಕೊಂಡೇ ಮಣ್ಣಿನ ಬಾಗಿಲಿಗೆ ನಡೆದಳು, ಕೆನ್ನೆ ಎರಡೂ ಉಬ್ಬಿಸಿಕೊಂಡು.

ಅತ್ತೆ ಕಂಡವಳೇ ಶುರುಮಾಡಿದಳು. “ಬಂದ್ಯಾ ಮಹಾತಾಯಿ? ಇವತ್ತೇನು ಬಾಯಲ್ಲಿ ಕಡುಬು ಇಟ್ಕಂಡಿದ್ದೀಯಾ? ನನ್ನ ಸೊಸೆ ಎಲ್ಲಿ? ಹೇಳು! ಈ ಕೂಸಿನ ಮುಖ ನೋಡಿ ಹೇಳು!”

ಒಲೆಯವ್ವ ಕೂಸಿನ ಮುಖ ನೋಡಿದಳು. ನೀರನ್ನು ನುಂಗಿಬಿಟ್ಟಳು.

“ನಿನ್ನ ಸೊಸೆ ಗಂಧದೋಣಿಯ ಜಗಲೀಲಿ ಕೂತಾವ್ಳೆ” ಅಂದಳು. “ಏಳು ದಿನದಿಂದ.”

“ಗಂಧದೋಣಿಗೆ ನಮ್ಮ ಒಲೆ ಮನೆಯಿಂದ ಎಂಥಾ ದಾರಿ?”

“ಒಂದೇ ಮನೆ ಕಣವ್ವಾ. ಐದು ಬಾಗಿಲು. ಒಂದೇ ಒಲೆ. ನಾನೊಬ್ಬಳೇ.”

ಅತ್ತೆ ಮಡಿಲಿನ ಚಪ್ಪಲಿಗಳನ್ನೊಮ್ಮೆ ನೋಡಿದಳು, ಒಲೆಯವ್ವನನ್ನೊಮ್ಮೆ ನೋಡಿದಳು.

“ನಿನಗೆ ಗೊತ್ತಿತ್ತು.”

“ಕಟ್ಟಳೆ ಇತ್ತವ್ವಾ. ಒಂದು ಬಾಗಿಲ ಮಾತು ಇನ್ನೊಂದು ಬಾಗಿಲಿಗೆ…”

“ಕಟ್ಟಳೆಗೆ ಮೊಲೆ ಐತೇನೇ?” ಅತ್ತೆ ಎದ್ದು ನಿಂತಳು. “ಹಾಲು ಕಟ್ಟಿದ್ರೆ ಕಟ್ಟಳೆಗೆ ನೋಯ್ತದೇನೇ? ಏಳು ದಿನ ಆ ಕಡೆ ಅವಳು, ಈ ಕಡೆ ನಾನು, ನಡುವೆ ನೀನು ನೀರು ಮುಕ್ಕಳಿಸ್ಕಂಡು ಓಡಾಡ್ತಿದ್ದೀ! ನಿನ್ನ ಮನೆ ಹಾಳಾಗ!”

ಒಲೆಯವ್ವ ಬಾಗಿಲಿಂದ ಸರಿದು ನಿಂತಳು.

ಅತ್ತೆ ಕೂಸನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟಳು. ಸೊಸೆಯ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡಳು. ತನ್ನ ಚಪ್ಪಲಿ ಬಿಡಲಿಲ್ಲ. ಕೆಮ್ಮಣ್ಣು ಮೆತ್ತಿದ ಚಪ್ಪಲಿ ಮೆಟ್ಟಿಕೊಂಡೇ ಆ ಮನೆಯ ಹೊಸ್ತಿಲು ದಾಟಿದಳು. ಓಣಿಯವರು ಹಾ ಎಂದು ಬಾಯಿಗೆ ಕೈ ಹಿಡಿದರು.

ಒಲೆಯ ಹತ್ತಿರ ಬಂದು ನೆಲ ನೋಡಿದಳು. ಬಿಳಿ ಪಾದಗಳು ಕಂಡವು. ತನ್ನ ಮನೆಯ ಹುಡುಗಿ ಈ ಪಾದಗಳನ್ನು ಯಾಕೆ ಹಿಡಿದು ಹೋದಳು ಎಂಬುದು ಆಗ ತಿಳಿಯಿತು. ತಲೆ ಎತ್ತಿ ನಡೆದವರಿಗೆ ಬೆಳಕು ಯಾವ ಕಡೆಯಿದೆ ಎಂದು ಕಾಣುತ್ತದೆ. ತಲೆ ತಗ್ಗಿಸಿದವರಿಗೆ ಯಾರೋ ಬರೆದದ್ದು ಮಾತ್ರ ಕಾಣುತ್ತದೆ. ತಗ್ಗಿಸು ಅಂದವರು ಯಾರು?

ಅತ್ತೆಯ ಸಿಟ್ಟು ಅಲ್ಲಿಯವರೆಗೆ ಯಜಮಾನನ ಮೇಲಿತ್ತು, ಒಲೆಯವ್ವನ ಮೇಲಿತ್ತು, ಆಡಿಕೊಂಡವರ ಮೇಲಿತ್ತು. ಈಗ ಅದು ಕಾಲಿಗಿಳಿಯಿತು. ಒಂದೊಂದು ಬಿಳಿ ಪಾದದ ಮೇಲೂ ತನ್ನ ಚಪ್ಪಲಿಯ ಕಾಲು ಊರಿ, ತಿರುಚಿ, ಉಜ್ಜಿ ನಡೆದಳು. ಬಿಳಿ ಅಳಿಯಿತು, ಕೆಂಪು ಉಳಿಯಿತು. ಗಂಧದ ಬಾಗಿಲವರೆಗೂ ಹೀಗೆ.

ಬಾಗಿಲಲ್ಲಿ ಯಜಮಾನ ಅಡ್ಡ ನಿಂತ. “ಯಾರಮ್ಮ ನೀನು? ಪಾದರಕ್ಷೆ ಹಾಕಿಕೊಂಡು ಮಂದಿರದ ಒಳಗೆ!”

ಅತ್ತೆ ಪೇಟ ನೋಡಲಿಲ್ಲ, ಮೂಗು ನೋಡಿದಳು.

“ಓಹೋ! ಇಲ್ಲೂ ನೀನೇನಾ, ನರುಳೆ ಮೂಗಿನವನೇ? ಮಾತು ಮಾತ್ರ ಮಡಿ ಉಟ್ಕಂಡವೆ! ನಮ್ಮ ಬಾಗಿಲಲ್ಲಿ ‘ಚಪ್ಲಿ ಸುಳ್ಳು ಹೇಳ್ತದಾ’ ಅಂದ್ಯಲ್ಲಾ?”

“ನಾನು ಯಾವ ಬಾಗಿಲಲ್ಲೂ…”

“ಸರಿ ಕಣಪ್ಪಾ.” ಅವನ ತೋಳಿನ ಕೆಳಗೆ ಬಗ್ಗಿ, ಸೊಸೆಯ ಚಪ್ಪಲಿಗಳನ್ನು ಗಂಧದೋಣಿಯ ಹೊಸ್ತಿಲ ಮೇಲೆ ಜೋಡಿಸಿಟ್ಟಳು. “ಇಗೋ. ಇವು ಇವಳ ಚಪ್ಲಿ. ನಿನ್ನ ಬಾಗಿಲಲ್ಲೇ ಅವೆ. ಈಗ ಹೇಳು, ನಿನ್ನ ಕಟ್ಟಳೆ ಪ್ರಕಾರ ಇವಳು ಎಲ್ಲವ್ಳೆ?”

ಯಜಮಾನ ಚಪ್ಪಲಿ ನೋಡಿದ. ಜಗಲಿಯಲ್ಲಿ ಕೂತವಳನ್ನು ನೋಡಿದ. ಮತ್ತೆ ಚಪ್ಪಲಿ ನೋಡಿದ. ಗಂಧದೋಣಿಯವರು ಸುತ್ತ ನಿಂತು ನೋಡುತ್ತಿದ್ದರು.

“ಒಳಗೆ… ಇದ್ದಾಳೆ” ಅಂದ.

“ಒಳಗವ್ಳಲ್ಲ? ಹಂಗಾದ್ರೆ ದಾರಿ ಬಿಡು, ಒಳಗೆ ಇರ್ಲಿ!”

ಅವನು ದಾರಿ ಬಿಟ್ಟ.

ಸೊಸೆ ಮಡಕೆ ಅಪ್ಪಿಕೊಂಡು ಎದ್ದು ನಿಂತಿದ್ದಳು, ತಲೆ ತಗ್ಗಿಸಿಕೊಂಡು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಒಡೆದ ತುಟಿ, ಒಂದು ಬದಿ ಒಣಗಿದ ರವಿಕೆ.

“ಏನೇ, ಒಂದು ಮಡಕೆ ಕೆಂಡ ತರಕ್ಕೆ ಏಳು ದಿನ ಬೇಕೇನೇ ನಿಂಗೆ?”

“ಆರಿಲ್ಲ ಅತ್ತೆಮ್ಮಾ” ಅಂದಳು ಸೊಸೆ. ಮಡಕೆಯ ಬಾಯಿ ತೋರಿಸಿದಳು. ಬೂದಿಯ ನಡುವೆ ಒಂದು ಕೆಂಡ, ಗುಲಗಂಜಿಯಷ್ಟು ಕೆಂಪು. “ಆರಕ್ಕೆ ಬಿಟ್ಟಿಲ್ಲ. ನೀವು ಬೈತೀರಿ ಅಂತ.”

ಅತ್ತೆ ಚಪ್ಪಲಿ ಎತ್ತಿ ಸೊಸೆಯ ಕಾಲಿಗೆ ತಾನೇ ಹಾಕಿದಳು. ಗದ್ದ ಹಿಡಿದು ಅವಳ ಮುಖ ಎತ್ತಿದಳು.

“ನೀನು ಎದುರಿಗೆ ನೋಡ್ಕಂಡು ನಡೆ. ನೆಲ ನಾನು ನೋಡ್ಕಂತೀನಿ.”

ಕೆಂಪು ಹೆಜ್ಜೆಗಳ ಮೇಲೆ ಇಬ್ಬರೂ ತಿರುಗಿ ಹೊರಟರು. ಒಲೆಯ ಹತ್ತಿರ ಒಲೆಯವ್ವ ತಂಬಿಗೆ ಹಿಡಿದು ನಿಂತಿದ್ದಳು. ಅತ್ತೆ ನಿಂತಳು.

“ನೀನು ಯಾವ ಬಾಗಿಲಿಂದ ಬಂದೋಳೇ?”

“ಗೊತ್ತಿಲ್ಲವ್ವಾ. ನನ್ನ ಚಪ್ಲಿ ಯಾವ ಬಾಗಿಲಲ್ಲೂ ಇಲ್ಲ. ಅದಕ್ಕೇ ಹೊರಗೆ ಹೋಗಕ್ಕಾಗಲ್ಲ. ಹೋದ್ರೆ ನಾನು ಯಾರೂ ಅಲ್ಲ.”

ಅತ್ತೆಗೆ ಅಯ್ಯೋ ಅನ್ನಿಸಿತೋ ಏನೋ, ಮುಖದಲ್ಲಿ ತೋರಿಸಲಿಲ್ಲ. ತನ್ನ ಚಪ್ಪಲಿಗಳನ್ನು ಕಳಚಿ ಒಲೆಯ ಮುಂದೆ ಎಸೆದಳು.

“ಇಗೋ. ನಂದು. ಇವನ್ನ ಮೆಟ್ಕಂಡು ನಮ್ಮ ಬಾಗಿಲಿಂದ ಹೊರಗೆ ಬಾ. ಬಂದು, ಆ ಕೂಸು ದೊಡ್ಡದಾದ ಮ್ಯಾಲೆ ನೀನೇ ಅದಕ್ಕೆ ಹೇಳು, ಏಳು ದಿನ ಯಾಕೆ ಸುಮ್ಕಿದ್ದೆ ಅಂತ. ನಾನು ಹೇಳಲ್ಲ. ನಂಗೆ ಹೇಳಕ್ಕೆ ನಂದೇ ತಪ್ಪೈತೆ.”

ಮಣ್ಣೋಣಿಯಲ್ಲಿ ಕೂಸನ್ನು ತಾಯಿಯ ಕೈಗಿಟ್ಟರು. ಕೂಸು ಮುಖ ತಿರುಗಿಸಿತು. ಏಳು ದಿನದಲ್ಲಿ ಏಳು ಎದೆ ಕಂಡಿತ್ತು ಅದು. ಸೊಸೆ ಮತ್ತೆ ಎದೆಗೆ ಹಚ್ಚಿದಳು. ಕೂಸು ಬಾಯಿ ಹಾಕಿತು, ಎಳೆಯಿತು. ಬರಲಿಲ್ಲ. ಇನ್ನೂ ಎಳೆಯಿತು. ಬರಲಿಲ್ಲ. ಆಗ ಎದೆ ಬಿಟ್ಟು, ಮುಷ್ಟಿ ಬಿಗಿದು, ಮುಖ ಬದನೆಕಾಯಿಯಂತೆ ಮಾಡಿಕೊಂಡು ಕಿರುಚಿತು ನೋಡಿ! ಅದು ಹಸಿವಿನ ಅಳುವಲ್ಲ. ಅದು ಬೈಗುಳ. ಮಾತು ಬಾರದ ಬಾಯಿಯ ಬೈಗುಳ.

ಪಕ್ಕದವಳು ಸಮಾಧಾನ ಮಾಡಲು ಬಂದಳು. ಅತ್ತೆ ತಡೆದಳು.

“ಬ್ಯಾಡ. ಅಳಲಿ. ಕೂಗವ್ವಾ, ನನ್ನ ತಾಯೀ. ಇನ್ನೂ ಜೋರಾಗಿ ಕೂಗು. ಐದು ಬಾಗಿಲಿಗೂ ಕೇಳಂಗೆ ಕೂಗು.”

ಆ ಕೂಗು ಗೆದ್ದಲು ತಿಂದ ಚೌಕಟ್ಟು ದಾಟಿ ಒಳಗೆ ಹೋಯಿತು. ನಡೆಗಳಲ್ಲಿ ಸುತ್ತಿತು. ಇತ್ತ ಆ ಕೂಗು ಕೇಳುತ್ತಾ ಕೇಳುತ್ತಾ ಸೊಸೆಯ ಒಣಗಿದ ಬದಿಯ ರವಿಕೆ ಮೇಲೆ ಒಂದು ಚುಕ್ಕೆ ನೆನೆಯಿತು. ಚುಕ್ಕೆ ಅಗಲವಾಯಿತು. ಕೂಸು ಬಾಯಿ ಮುಚ್ಚಿ ಹಿಡಿದುಕೊಂಡಿತು.

ಅತ್ತ ಒಲೆಯವ್ವ ಆ ಕೂಗನ್ನು ಕೇಳಿದಳು. ಬಾಯಿ ಮುಕ್ಕಳಿಸಲಿಲ್ಲ. ಹಂಡೆಯ ಕಿವಿ ಹಿಡಿದು, ಇದ್ದಬದ್ದ ಬಲವೆಲ್ಲ ಕೂಡಿಸಿ, ಒಲೆಯ ಬಾಯಿಗೆ ಬೋರಲು ಹಾಕಿದಳು.

ಐದು ಬಾಗಿಲಿಂದಲೂ ಒಂದೇ ಸಲಕ್ಕೆ ಒಂದೇ ಹೊಗೆ ಎದ್ದಿತು.

ಗಂಧದೋಣಿಯವರು ಓಡಿ ಬಂದರು. ಎಣ್ಣೆಯೋಣಿಯವರು, ನೂಲೋಣಿಯವರು, ಬಿದಿರೋಣಿಯವರು ಓಡಿ ಬಂದರು. ಚಪ್ಪಲಿ ಬಿಡುವ ನೆನಪು ಯಾರಿಗೂ ಆಗಲಿಲ್ಲ. ಐದು ಕಡೆಯಿಂದ ಐದು ಗುಂಪು ಬಂದು ಒದ್ದೆಯಾದ ಒಂದು ಒಲೆಯ ಸುತ್ತ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ನಡುವೆ ಯಜಮಾನ, ಯಾವ ಪೇಟ ಹಾಕಿಕೊಳ್ಳಬೇಕೆಂದು ತಿಳಿಯದೆ ಬೋಳುತಲೆಯಲ್ಲಿ ನಿಂತಿದ್ದ. ಒಲೆಯವ್ವ ಇರಲಿಲ್ಲ. ಅಳತೆಗೆ ದೊಡ್ಡದಾದ ಚಪ್ಪಲಿ ಮೆಟ್ಟಿಕೊಂಡು ಮಣ್ಣೋಣಿಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ನಡೆಯುತ್ತಿದ್ದಳು.

ಸಂಜೆಯೊಳಗೆ ಮನೆಮನೆಯ ಕೆಂಡವೂ ಬೂದಿಯಾಗಿ, ಊರಿಗೆಲ್ಲ ಉಳಿದದ್ದು ಒಂದೇ ಕೆಂಡ, ಸೊಸೆಯ ಮಡಕೆಯದು. ಒಲೆಯವ್ವನಿಗೆ ಅದು ಗೊತ್ತಿತ್ತು. ಗಂಧದ ಹೊಟ್ಟಿನ ಪರಿಮಳ ಹಿಡಿದು ಎಲ್ಲರಿಗೂ ಗೊತ್ತಾಯಿತು. ಕೆಂಪು ಹೆಜ್ಜೆ ಹಿಡಿದು, ಖಾಲಿ ಮಡಕೆ ಹಿಡಿದು, ನಾಲ್ಕು ಓಣಿಯವರೂ ಮಣ್ಣೋಣಿಯ ಆ ಮನೆಯ ಮುಂದೆ ಬಂದು ನಿಂತರು. ಆ ಮನೆಗೆ ಒಂದೇ ಬಾಗಿಲು.

ಗಂಧದೋಣಿಯ ಹಿರಿಯನೊಬ್ಬ ಮುಂದೆ ಬಂದ. “ತಾಯೀ, ಒಂದು ಕೆಂಡ.”

ಅತ್ತೆ ಬರಿಗಾಲಲ್ಲಿ ಹೊಸ್ತಿಲ ಮೇಲೆ ನಿಂತಳು. ಅವನ ಕಾಲು ನೋಡಲಿಲ್ಲ, ಚಪ್ಪಲಿ ನೋಡಲಿಲ್ಲ.

“ಕೊಡ್ತೀವಿ. ಇಲ್ಲ ಅನ್ನಲ್ಲ. ಒಂದು ಮಾತು ಹೇಳಿ ತಗಂಡು ಹೋಗಿ. ಏಳು ದಿನ ನಿಮ್ಮ ಜಗಲೀಲಿ ಒಬ್ಬ ಬಾಣಂತಿ ಕೂತಿದ್ಲು. ನಿಮ್ಮಲ್ಲಿ ಯಾರು ಹತ್ರ ಬಂದು ‘ಯಾರವ್ವಾ ನೀನು’ ಅಂತ ಕೇಳಿದ್ರಿ?”

ಒಬ್ಬೊಬ್ಬರಾಗಿ ತಲೆ ತಗ್ಗಿಸಿ ನೆಲ ನೋಡತೊಡಗಿದರು. ನೆಲದಲ್ಲಿ ಕೆಮ್ಮಣ್ಣಲ್ಲದೆ ಬೇರೇನೂ ಇರಲಿಲ್ಲ.

ಸೊಸೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ತನ್ನ ಕೆಂಡದಿಂದ ಹೊತ್ತಿಸಿದ ಇನ್ನೊಂದು ಕೆಂಡವನ್ನು ಇಕ್ಕಳದಲ್ಲಿ ಹಿಡಿದಿದ್ದಳು. ಆ ಹಿರಿಯನ ಮಡಕೆಯ ಹತ್ತಿರ ತಂದು, ಹಾಕದೆ ಹಿಡಿದುಕೊಂಡು ನಿಂತಳು.

“ಮುಖ ಎತ್ತಿ” ಅಂದಳು.

ಅವನು ಎತ್ತುವವರೆಗೂ ಹಾಗೇ ನಿಂತಿದ್ದಳು.